ನೂರಕ್ಕೆ ತೊಂಬತ್ತೆಂಟು

ಮೂವತ್ತೊಂದು ವರುಷ ನಾನು ಬೀಜ ಎಣಿಸಿದವಳು.
ಪೈದೆ ಊರಿನ ಪರೀಕ್ಷಾಲಯ, ಉತ್ತರದ ಕಿಟಕಿ,
ಬಿಳಿ ಕಾಗದದ ಮೇಲೆ ಒಂದು ಹಿಡಿ ಹುಲ್ಲುಬೀಜ,
ಕೈಯಲ್ಲಿ ಚಿಮಟ.
ಹುಲ್ಲು ಈ ಕಡೆ. ಹೊಟ್ಟು ಆ ಕಡೆ.
ಕರೆಯದೆ ಬಂದದ್ದೆಲ್ಲ
ವರದಿಯ ಕೊನೆಯ ಸಾಲಿಗೆ: ಇತರೆ.

ಹಾಗಾಗಿ ಅಂಗಡಿಯವನ ಮಾತು ನಂಬಲಿಲ್ಲ.
ಚೀಲ ಬಿಚ್ಚಿ ಅಡಿಗೆಮನೆಯ ಮೇಜಿನ ಮೇಲೆ ಹರವಿ
ಎರಡು ರಾತ್ರಿ ಎಣಿಸಿದೆ.
ಮೇ ತಿಂಗಳಲ್ಲಿ ಇಲ್ಲಿ ರಾತ್ರಿ ಎಂಬುದು ಬರಿಯ ಮಾತಿಗೆ,
ಒಂಬತ್ತೂವರೆಗೂ ದೀಪ ಬೇಡ.
ಬೀಜ ಚೊಕ್ಕವಾಗಿತ್ತು.

ಹೈನೊನ ಶೆಡ್ಡು ಇದ್ದ ಜಾಗ ಅದು.
ಅವನು ಹೋದ ಮೇಲೆ ಐದು ಚಳಿಗಾಲ ಹಾಗೇ ಬಿಟ್ಟೆ,
ಆರನೆಯದರಲ್ಲಿ ಹಿಮದ ಭಾರಕ್ಕೆ ಮಾಡು ತಾನೇ ಕೂತಿತು.
ಹಲಗೆ ಸಾಗಿಸಿದ್ದಾಯಿತು, ಮೋಟಾರ್‌ಸೈಕಲ್ಲಿನ ಎರಡು ಎಂಜಿನ್ನು,
ಯಾವ ಬೀಗಕ್ಕೂ ಸೇರದ ಒಂದು ಡಬ್ಬಿ ಬೀಗದಕೈ.
ನೆಲ ಅಗೆದು, ಕುಂಟೆ ಎಳೆದು, ಬೀಜ ಚೆಲ್ಲಿ,
ಬೂಟಿಗೆ ಹಲಗೆ ಕಟ್ಟಿಕೊಂಡು ಅಡಿಗಡಿಗೆ ತುಳಿದೆ.

ಹತ್ತನೆಯ ದಿನ ಹಸಿರು.
ನೋಡಿದ ಕೂಡಲೇ ತಿಳಿಯಿತು, ಇದು ಹುಲ್ಲಲ್ಲ.
ಹುಲ್ಲು ಒಂದೇ ಎಲೆಯಲ್ಲಿ ಬರುತ್ತದೆ, ಸೂಜಿಯ ಹಾಗೆ, ನಾಚುತ್ತ.
ಇವು ಎರಡೆರಡು ಎಲೆ ಚಾಚಿ
ಅಂಗೈ ತೋರಿಸುತ್ತ ಎದ್ದಿದ್ದವು, ಸಾಲ ಕೇಳುವವರ ಹಾಗೆ.
ಬೂದಿ ಬಳಿದುಕೊಂಡ ಕಾಡು ಚಕ್ಕೋತ,
ಇಲಿಕಿವಿ ಎಂದು ನಾವು ಕರೆಯುವ ಇನ್ನೊಂದು.

ಬೇಲಿಯಾಚೆಯಿಂದ ತಾರ್ಮೊ ಕತ್ತು ಚಾಚಿದ.
'ಹಿತ್ತಿಲಿಗೆ ಕಳೆ ಬಂತು' ಅಂದ,
ಹೊಗಳಿದನೋ, ಹಂಗಿಸಿದನೋ.
ಮರುದಿನ ಬೆನ್ನಿಗೆ ಔಷಧದ ಕ್ಯಾನು ಹೊತ್ತು ಗೇಟಿನಲ್ಲಿ ನಿಂತ.
ಬೇಡ ಅಂದೆ. ಹುಲ್ಲಿಗಿನ್ನೂ ಹಾಲುಹಲ್ಲು,
ಕಳೆಗೆ ಹೊಡೆದದ್ದು ಕೂಸಿಗೂ ತಾಗುತ್ತದೆ.
ಕೀಳುವುದೂ ಬೇಡ,
ಒಂದು ಬೇರು ಎಳೆದರೆ ಹತ್ತು ಎಸಳು ಜತೆಗೇ ಬರುತ್ತವೆ.
'ಮತ್ತೇನು ಮಾಡ್ತೀ?'
ಕಾಯ್ತೇನೆ.
ಕ್ಯಾನು ಇಳಿಸದೆಯೇ ಕಾಫಿ ಕುಡಿದು ಹೋದ.

ಆದರೆ ಬಂದದ್ದೆಲ್ಲಿಂದ?
ಚೀಲದಲ್ಲಿರಲಿಲ್ಲ, ಎಣಿಸಿದವಳು ನಾನೇ.
ಬಾಲ್ಟಿಕ್ ಕಡಲ ಗಾಳಿ ತಂದಿದ್ದರೆ ಎಲ್ಲ ಕಡೆ ಬೀಳಬೇಕು;
ಇವು ಶೆಡ್ಡಿನ ನಾಲ್ಕು ಮೂಲೆಯೊಳಗೆ ಮಾತ್ರ,
ದಾರ ಹಿಡಿದು ಅಳೆದ ಹಾಗೆ.
ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಹೊಳೆಯಿತು:
ಶೆಡ್ಡಿಗೂ ಮುಂಚೆ ಅಲ್ಲಿ ಅತ್ತೆಯ ಗಜ್ಜರಿ ಪಾತಿ.
ಲಿಯೊಂತೀನೆ.
ಅವಳಿಗೆ ಸೊಂಟ ಹಿಡಿದ ವರುಷ, ಕಳೆ ತೆಗೆಯಲಾಗದೆ ಬಿಟ್ಟಳು.
ನನ್ನನ್ನು ಕರೆಯಲಿಲ್ಲ.
ಪಟ್ಟಣದ ಸೊಸೆ, ಗಜ್ಜರಿಯನ್ನೇ ಕಿತ್ತಾಳು ಎಂದು.
ಬೀಜ ನೋಡಿ ಕುಲ ಹೇಳುವವಳು ನಾನು
ಕಿಟಕಿಯ ಹಿಂದೆ ನಿಂತಿದ್ದೆ. ನಾನೂ ಕೇಳಲಿಲ್ಲ.
ಎಲ್ಲ ಬಲಿತು ಉದುರಿತು.
ಮಾರನೆಯ ವಸಂತಕ್ಕೆ ಅವಳಿಲ್ಲ,
ಹೈನೊ ಅದರ ಮೇಲೆ ನೆಲಹಲಗೆ ಜಡಿದ.

ನಲವತ್ತೆರಡು ವರುಷ.
ಮೇಲೆ ಬಾವುಟ ಬದಲಾಯಿತು, ದುಡ್ಡು ಎರಡು ಸಲ ಬದಲಾಯಿತು.
ಕೆಳಗೆ ಅವು
ಕಣ್ಣು ಮುಚ್ಚಿಕೊಂಡು ಎಚ್ಚರವಿದ್ದವು.

ಹುಲ್ಲು ಆರು ಬೆರಳು ಬೆಳೆದ ದಿನ
ಅಲಗನ್ನು ಎತ್ತರಕ್ಕಿಟ್ಟು ಮೊದಲ ಸಲ ಕತ್ತರಿಸಿದೆ.
ಹುಲ್ಲಿಗೆ ತಲೆ ಹೋದರೂ ಬುಡದಲ್ಲಿ ಜೀವ,
ಚಕ್ಕೋತಕ್ಕೆ ಇದ್ದುದೆಲ್ಲ ತುದಿಯಲ್ಲೇ.
ಎರಡನೆಯ ಸಲ. ಮೂರನೆಯ ಸಲ.
ಆಗಸ್ಟಿಗೆ ಬೂದಿಬಣ್ಣ ಕಾಣೆ.
ಒಂದೆರಡು ಇಲಿಕಿವಿ ಮಾತ್ರ ಕಲ್ಲಿನ ಪಕ್ಕ, ಅಲಗಿಗೆ ಸಿಗದೆ,
ಹೂ ಬಿಟ್ಟು ಕಾಯಿ ಕಟ್ಟಿದ್ದವು.
ಕೀಳಲು ಬಗ್ಗಿದೆ.
ಸೊಂಟ ಹಿಡಿಯಿತು.
ಬಗ್ಗಿದವಳು ಹಾಗೇ ಹುಲ್ಲಿನ ಮೇಲೆ ಕೂತೆ, ಬಹಳ ಹೊತ್ತು.

ಸಂಜೆ ಹಳೆಯ ನಮೂನೆಯ ಹಾಳೆಯೊಂದನ್ನು ಹುಡುಕಿ ತುಂಬಿದೆ.
ಮಾದರಿ ತೆಗೆದ ಜಾಗ: ಹಿತ್ತಿಲು.
ಶುದ್ಧತೆ: ನೂರಕ್ಕೆ ತೊಂಬತ್ತೆಂಟು.
ಇತರೆ: ಎರಡು.
ಆ ಸಾಲಿನಲ್ಲಿ ಕುಲದ ಹೆಸರು ಬರೆಯಲೇಬೇಕು, ನಿಯಮ.
ಬರೆದೆ: ಲಿಯೊಂತೀನೆ, ಹೈನೊನ ತಾಯಿ.
ಮೊಳಕೆಯ ಶಕ್ತಿ: ಉತ್ತಮ.